ಕ್ಯಾಮರೂನ್ ದೇಶಕ್ಕೆ ನಾನು ಕೋಚ್ ಆದದ್ದು

ನಾನು ಕಲಿತದ್ದು ವಿಜಾಪುರ ಜಿಲ್ಲೆಯ ಒಂದು ಕನ್ನಡ ಶಾಲೆಯಲ್ಲಿ, ನಾಲ್ಕನೇ ಇಯತ್ತೆಯವರೆಗೆ. ಐದನೆಯದರಲ್ಲಿ ಒಂದು ತಿಂಗಳು ಕೂತಿದ್ದೆ, ಅದನ್ನು ನಾನೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಇಲ್ಲಿ ಎಲ್ಲಾದರೂ ಒತ್ತಕ್ಷರ ಜಾರಿದ್ದರೆ ಓದುವವರು ಎತ್ತಿ ನಿಲ್ಲಿಸಿಕೊಳ್ಳಬೇಕು. ಮೊಮ್ಮಗಳ ವಿಷಯ ಬರೆಯಲು ಕೂತರೆ ನನ್ನ ಕೈಗೆ ನನಗಿಂತ ಅವಸರ. ನಡೆದದ್ದನ್ನು ಬಾಯಲ್ಲಿ ಹೇಳಿ ಹೇಳಿ ಕಾಲೋನಿಯ ಜನರಿಗೆ ಸಾಕು ಮಾಡಿದ್ದೇನೆ. ನನ್ನನ್ನು ಕಂಡರೆ ಹಾಲಿನವನೂ ಬೇಗ ಬೇಗ ಮೆಟ್ಟಿಲಿಳಿಯುತ್ತಾನೆ. ಅದಕ್ಕೇ ಕಾಗದ ಹಿಡಿದಿದ್ದೇನೆ. ಕಾಗದ ಓಡಿಹೋಗುವುದಿಲ್ಲ.

ಮೊದಲು ನನ್ನ ಕೆಲಸದ ಮಾತು ಹೇಳಬೇಕು, ಯಾಕೆಂದರೆ ಎಲ್ಲ ಗೊಂದಲವೂ ಅಲ್ಲಿಂದಲೇ ಬಂದದ್ದು. ಮುಂಬಯಿಗೆ ಬಂದು ನಾನು ರೈಲ್ವೆ ವರ್ಕ್‌ಶಾಪಿನ ಪೇಂಟ್ ಶಾಖೆಗೆ ಸೇರಿದೆ. ಮೂವತ್ತೊಂದು ವರ್ಷ ರೈಲು ಡಬ್ಬಿಗಳಿಗೆ ಬಣ್ಣ ಹಚ್ಚಿದೆ. ಹಳೆ ಬಣ್ಣ ಕೆರೆಯುವುದು, ಕುಳಿ ಬಿದ್ದಲ್ಲಿ ಪುಟ್ಟಿ ತುಂಬುವುದು, ಪಾಲಿಶ್ ಪೇಪರಿನಿಂದ ತಿಕ್ಕುವುದು, ಆಮೇಲೆ ಬಣ್ಣ, ಎಲ್ಲಕ್ಕೂ ಕೊನೆಗೆ ತಗಡಿನಲ್ಲಿ ಕೊರೆದ ಅಚ್ಚು ಇಟ್ಟು ನಂಬರು ಮತ್ತು ಅಕ್ಷರ. ಅಕ್ಷರದ ಕೆಲಸ ಕೈ ನಡುಗದವರಿಗೆ ಮಾತ್ರ. ಕಡೆಯ ಹದಿನೈದು ವರ್ಷ ಅದು ನನ್ನದಾಗಿತ್ತು. ನಾಲ್ಕನೇ ಇಯತ್ತೆ ಕಲಿತವನು ಇಡೀ ಮುಂಬಯಿಗೆ ಓದಲು ಅಕ್ಷರ ಬರೆದುಕೊಟ್ಟೆ!

ನಮ್ಮ ಊರ ಕಡೆ ಬೋಗಿ ಎನ್ನುತ್ತಾರೆ, ಮುಂಬಯಿಯವರು ಡಬ್ಬಾ ಎನ್ನುತ್ತಾರೆ. ವರ್ಕ್‌ಶಾಪಿನಲ್ಲಿ ಮಾತ್ರ ಕೋಚ್ ಎಂದೇ ಹೇಳಬೇಕು. ಯಾರಾದರೂ ಡಬ್ಬಾ ಎಂದರೆ ನಮ್ಮ ಮರಾಠಿ ಮಿಸ್ತ್ರಿಗೆ ಮೂಗಿನ ತುದಿಯಲ್ಲಿ ಸಿಟ್ಟು. "ಡಬ್ಬಾ ಜೇವಾಯಲಾ! ಹಾ ಕೋಚ್ ಆಹೇ!" ಎಂದು ಕೂಗುತ್ತಿದ್ದ. ಡಬ್ಬಾ ಅಂದರೆ ಊಟದ್ದು, ಇದು ಕೋಚ್ ಎಂದು. ಹೀಗಾಗಿ ನಾನು ಮನೆಯಲ್ಲಿಯೂ "ಇವತ್ತು ಎರಡು ಕೋಚ್ ಮುಗಿಸಿದೆ", "ನನ್ನ ಕೈಯಾಗ ಎಷ್ಟು ಕೋಚ್ ತಯಾರಾಗ್ಯಾವ" ಎಂದೇ ಹೇಳುತ್ತಿದ್ದೆ. ನಿವೃತ್ತಿಯಾದ ಮೇಲೂ ಬಾಯಲ್ಲಿ ಅದೇ ಮಾತು, ಮೊಮ್ಮಗಳು ಅದನ್ನು ಕೇಳಿಕೊಂಡೇ ಬೆಳೆದಳು. ಅವಳು ದಿನವೂ ನೋಡುವ ರೈಲಿನಲ್ಲಿ ಇರುವುದು ಡಬ್ಬಾ. ಕೋಚ್ ಅಂದರೆ ಏನೆಂದು ಅವಳು ಬೇರೆ ಕಡೆಯಿಂದ ಕಲಿತಿದ್ದಳು ಎಂಬುದು ನನಗೆ ಹೇಗೆ ಗೊತ್ತಾಗಬೇಕು?

ನಿವೃತ್ತಿಯ ನಂತರ ನಾನೂ ನನ್ನ ಹೆಂಡತಿಯೂ ಆಂಟಾಪ್ ಹಿಲ್‌ನ ಸರ್ಕಾರಿ ಕಾಲೋನಿಯಲ್ಲಿ ಮಗನ ಕ್ವಾರ್ಟರ್ಸಿಗೆ ಬಂದೆವು. ನಾಲ್ಕನೇ ಮಹಡಿ. ಮಗ, ಸೊಸೆ ಇಬ್ಬರೂ ಬೆಳಗ್ಗೆ ಎಂಟಕ್ಕೆ ಆಫೀಸಿಗೆ ಹೋದರೆ ಮನೆ ಮೊಮ್ಮಗಳೂ ಸೇರಿ ನಮ್ಮ ಮೂವರದು. ಕೆಳಗೆ ಏಳು ಬಿಲ್ಡಿಂಗುಗಳ ನಡುವೆ ಒಂದು ಮೈದಾನ. ಮೈದಾನಕ್ಕೆ ಒಬ್ಬರು ರಾಜರಿದ್ದರು: ಎರಡನೇ ಬಿಲ್ಡಿಂಗಿನ ತಳಮಹಡಿಯ ಮಲಯಾಳಿ ಸಾಹೇಬರು. ಕಾಲೋನಿಯೆಲ್ಲ ಅವರನ್ನು ಸೆಕ್ರೆಟರಿ ಎನ್ನುತ್ತಿತ್ತು. ಅವರಿಗೆ ಫುಟ್‌ಬಾಲ್ ಎಂದರೆ ಪ್ರಾಣ. ಟಿವಿಯಲ್ಲಿ ವಿಶ್ವಕಪ್ ತೋರಿಸಿದ ವರ್ಷ ಅವರು ಒಂದು ಡಬ್ಬಿಯಲ್ಲಿ ಚೀಟಿ ಹಾಕಿ ಏಳು ಬಿಲ್ಡಿಂಗಿಗೂ ಒಂದೊಂದು ದೇಶ ಹಂಚಿದರು. ಬ್ರೆಜಿಲ್, ಅರ್ಜೆಂಟೀನಾ, ಇಟಲಿ ಎಲ್ಲ ಬೇರೆಯವರಿಗೆ ಹೋದವು. ಕಡೆಯ ಚೀಟಿ ನಮ್ಮದು, ಕ್ಯಾಮರೂನ್.

"ಕ್ಯಾಮರಾದವರಾ? ಹಂಗಾದ್ರ ಫೋಟೊ ಹೊಡೀತಾರೇನು?" ಎಂದಳು ನನ್ನ ಹೆಂಡತಿ.

ಸೆಕ್ರೆಟರಿಯವರ ಹತ್ತಿರ ಒಂದು ಹಳೆಯ ಡೈರಿ ಇತ್ತು. ವರ್ಷಕ್ಕೊಮ್ಮೆ ಪರದೇಶದಲ್ಲಿ ಯಾರೋ ಎಲ್ಲ ದೇಶಗಳ ವೋಟು ಕೂಡಿಸಿ, ರಾಷ್ಟ್ರೀಯ ತಂಡಗಳ ಕೋಚ್‌ಗಳಲ್ಲಿ ಶ್ರೇಷ್ಠರು ಯಾರೆಂದು ಆರಿಸುತ್ತಾರಂತೆ. ಆ ಸುದ್ದಿ ಪೇಪರಿನ ಮೂಲೆಯಲ್ಲಿ ನಾಲ್ಕು ಸಾಲು ಬಂದರೂ ಸಾಕು, ಅವರು ಕತ್ತರಿಸಿ ಡೈರಿಗೆ ಅಂಟಿಸುತ್ತಿದ್ದರು. ಕಾಲೋನಿಯಲ್ಲೇ ಏಳು ದೇಶ ಇರುವಾಗ ನಮಗೂ ಅಂಥ ಪ್ರಶಸ್ತಿ ಬೇಡವೇ ಎಂದು ಅವರು ಒಂದು ಸ್ಟೀಲಿನ ಕಪ್ಪನ್ನು ಮರದ ತುಂಡಿನ ಮೇಲೆ ಕೂರಿಸಿ ಇಟ್ಟರು. ಆಟ ಎಲ್ಲ ಮುಗಿದ ದಿನ ಏಳು ಕ್ಯಾಪ್ಟನ್‌ಗಳು ಒಬ್ಬೊಬ್ಬರಾಗಿ ಎದ್ದು ನಿಂತು, ಎಲ್ಲರೆದುರಿಗೆ ತಮ್ಮ ದೇಶದ ವೋಟು ಯಾವ ಕೋಚ್‌ಗೆ ಎಂದು ಹೇಳಬೇಕು.

"ಗೆದ್ದವರಿಗೆ ಕಪ್ ಕೊಡತಾರಂತ" ಎಂದು ನಾನು ಮನೆಯಲ್ಲಿ ಹೇಳಿದೆ.

"ಬಸಿ ಕೊಡೂದಿಲ್ಲೇನು? ಬರೇ ಕಪ್ ತೊಗೊಂಡು ಏನ್ಮಾಡೂದು" ಎಂದಳು ನನ್ನಾಕೆ.

ಮೊದಲ ವರ್ಷ ಕಪ್ಪು ಹೋದದ್ದು ಬ್ರೆಜಿಲ್ ಕೋಚ್‌ಗೆ. ಅವರು ಐದನೇ ಬಿಲ್ಡಿಂಗಿನ ಮಂಗಳೂರು ಕಡೆಯವರು. ಕಾಲೇಜಿನಲ್ಲಿ ನಿಜವಾಗಿ ಫುಟ್‌ಬಾಲ್ ಆಡಿದವರು. ಹೊಟ್ಟೆ ಬಂದಿತ್ತು, ಆದರೆ ಚೆಂಡು ಕಂಡರೆ ಹೊಟ್ಟೆ ಎಲ್ಲಿ ಹೋಗುತ್ತಿತ್ತೋ!

ಈಗ ನನ್ನ ಮೊಮ್ಮಗಳು. ಆಗ ಅವಳಿಗೆ ಹನ್ನೊಂದು ವರ್ಷ. ಕಾಲು ಎರಡೂ ಕಡ್ಡಿ, ಆದರೆ ಆ ಕಡ್ಡಿಯಿಂದ ಚೆಂಡು ಒದ್ದರೆ ಜಿನೆಯ, ಅಂದರೆ ಮೆಟ್ಟಿಲಿನ, ಗೋಡೆ ಗುಡುಗುತ್ತಿತ್ತು. ಎರಡನೇ ಮಹಡಿಯವರು ದಿನಾ ಬಂದು ಜಗಳ ತೆಗೆಯುತ್ತಿದ್ದರು. ಹುಡುಗರು ಅವಳನ್ನು ಆಟಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ಅವಳಿಗೆ ಕೊಟ್ಟ ಕೆಲಸ ಗೋಲಿನ ಹಿಂದೆ ನಿಂತು, ಗಟಾರದಾಚೆ ಹೋದ ಚೆಂಡನ್ನು ತಂದುಕೊಡುವುದು. ಒಂದು ವರ್ಷ ಪೂರ್ತಿ ತಂದುಕೊಟ್ಟಳು. ನಾನು ಬಾಲ್ಕನಿಯಿಂದ ನೋಡಿ ನೋಡಿ ಒಳಗೇ ಕುದಿಯುತ್ತಿದ್ದೆ. ನಾಲ್ಕನೇ ಮಹಡಿಯಿಂದ ಕುದ್ದರೆ ಕೆಳಗಿನವರಿಗೆ ಏನು ಬಿಸಿ ತಾಗುತ್ತದೆ?

ಎರಡನೇ ವರ್ಷ ನಮ್ಮ ಬಿಲ್ಡಿಂಗಿಗೆ ಸಂಕಟ ಬಂತು. ಕ್ಯಾಮರೂನಿನ ಕೋಚ್ ಆಗಿದ್ದ ಪಂಜಾಬಿ ಸಾಹೇಬರಿಗೆ ನಾಗಪುರಕ್ಕೆ ವರ್ಗವಾಯಿತು. ಸೆಕ್ರೆಟರಿಯವರ ನಿಯಮ ಕಟ್ಟುನಿಟ್ಟು: ದೊಡ್ಡವರೊಬ್ಬರು ಕೋಚ್ ಇಲ್ಲದಿದ್ದರೆ ಆ ದೇಶ ಮೈದಾನಕ್ಕೆ ಇಳಿಯುವ ಹಾಗಿಲ್ಲ. ಆಗ ನಮ್ಮ ಹುಡುಗಿ ಕ್ಯಾಪ್ಟನ್ ಹತ್ತಿರ ಹೋದಳು. ಕ್ಯಾಪ್ಟನ್ ಅಂದರೆ ಮೂರನೇ ಮಹಡಿಯ ಒಂಬತ್ತನೇ ಕ್ಲಾಸಿನ ಹುಡುಗ.

"ನಮ್ಮಜ್ಜ ರೈಲ್ವೇ ಮೇ ಕೋಚ್ ಥಾ. ಥರ್ಟಿ ಒನ್ ಇಯರ್ಸ್" ಎಂದಳಂತೆ. "ಲೇಕಿನ್ ಅಜ್ಜ ಬೇಕಂದ್ರ ನಾನೂ ಬೇಕು. ನಂಬರ್ ಇಲೆವೆನ್."

ಒಂದು ಸುಳ್ಳೂ ಹೇಳಿರಲಿಲ್ಲ. ಮನಸಾರೆ ನಂಬಿದ್ದಳು.

ಮರುದಿನ ರವಿವಾರ ಬೆಳಗ್ಗೆ ಸೆಕ್ರೆಟರಿಯವರು ಕ್ಯಾಪ್ಟನ್ನನ್ನು ಕರೆದುಕೊಂಡು ಮನೆಗೆ ಬಂದರು. ನಾನು ಅವಲಕ್ಕಿಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ. ಕಣ್ಣೀರು ಒರೆಸಿಕೊಂಡು ಕೂತೆ.

"ಸುನಾ ಹೈ, ಆಪ್ ರೈಲ್ವೇ ಮೇ ಕೋಚ್..." ಎಂದು ಅವರು ಬಹಳ ಮರ್ಯಾದೆಯಿಂದ ಶುರು ಮಾಡಿದರು.

ನನ್ನ ಎದೆ ಉಬ್ಬಿತು. ಇಷ್ಟು ವರ್ಷದಲ್ಲಿ ಕಾಲೋನಿಯವರೊಬ್ಬರು ನನ್ನ ಕೆಲಸ ಕೇಳಿಕೊಂಡು ಬಂದದ್ದು ಅದೇ ಮೊದಲು. "ಹಾಂಜೀ! ಇಕತ್ತೀಸ್ ಸಾಲ್. ಪೂರಾ ಜಿಂದಗೀ ಕೋಚ್ ಮೇ ನಿಕಾಲಾ" ಎಂದೆ, ಇಡೀ ಆಯುಷ್ಯ ಅದರಲ್ಲೇ ಕಳೆದೆ ಎಂದು.

"ಕೌನ್ಸಾ ಲೆವೆಲ್?"

"ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್, ಸಬ್ ಕಿಯಾ. ಔರ್ ಲೇಡೀಸ್ ಕೋಚ್ ತೋ ಮೇರಾ ಹೀ ಥಾ. ದೂಸ್ರಾ ಕೋಯೀ ಹಾಥ್ ನಹೀಂ ಲಗಾತಾ ಥಾ."

ಸೆಕ್ರೆಟರಿಯವರು ಕ್ಯಾಪ್ಟನ್ ಕಡೆ ತಿರುಗಿ ಹುಬ್ಬೆತ್ತಿದರು, ನೋಡಿದೆಯಾ ಎಂಬ ಹಾಗೆ. ಕ್ಯಾಪ್ಟನ್ ಬಾಗಿಲ ಹಿಂದೆ ನಿಂತಿದ್ದ ನನ್ನ ಮೊಮ್ಮಗಳ ಕಡೆ ನೋಡಿದ. ಅವಳು ಗದ್ದ ಮೇಲೆತ್ತಿ ನಿಂತಿದ್ದಳು.

ಆಮೇಲೆ ಅವರು ಪ್ರಶಸ್ತಿಯ ವಿಷಯ ತೆಗೆದರು. ಜಗತ್ತಿನಲ್ಲಿ ಪ್ರತಿ ವರ್ಷ ಒಳ್ಳೆಯ ನ್ಯಾಷನಲ್ ಕೋಚ್‌ಗೆ ಅವಾರ್ಡ್ ಕೊಡುತ್ತಾರೆ, ಇಲ್ಲೂ ಕೊಡುತ್ತೇವೆ ಎಂದರು. ಕೆಳಗೆ ಮಕ್ಕಳ ಆಟಕ್ಕೆ ಕಪ್ಪು ಕೊಡುವುದು ನನಗೆ ಗೊತ್ತಿತ್ತು, ಆದರೆ ಅದೂ ಇದೂ ಒಂದೇ ಎಂದು ಹೊಳೆಯಲಿಲ್ಲ. ನಮ್ಮ ವರ್ಕ್‌ಶಾಪಿನಲ್ಲೂ ವರ್ಷಕ್ಕೊಮ್ಮೆ ಚೆಂದದ ಕೋಚ್‌ಗೆ ಶೀಲ್ಡ್ ಕೊಡುತ್ತಿದ್ದರಲ್ಲ! "ಹಮಾರೇ ಕೋಚ್ ಕೋ ದೋ ಬಾರ್ ಶೀಲ್ಡ್ ಮಿಲಾ" ಎಂದೆ. ಅವರು ಎದ್ದು ನಿಂತು ನನ್ನ ಕೈ ಕುಲುಕಿದರು. ಕೈಗೆ ಉಳ್ಳಾಗಡ್ಡಿ ವಾಸನೆ ಹತ್ತಿದ್ದೂ ಅವರಿಗೆ ಗೊತ್ತಾಗಲಿಲ್ಲ.

"ಹೋದ ವರ್ಷ ಬ್ರೆಜಿಲ್ ಕೋಚ್‌ಗೆ ಹೋಯಿತು" ಎಂದರು ಹಿಂದಿಯಲ್ಲಿ.

ಪರದೇಶದ ಕೋಚ್ ನಾನು ನೋಡಿಲ್ಲ, ಆದರೆ ತಿಳಿದವನ ಹಾಗೆ ಹೇಳಿದೆ: "ಊಪರ್ ಸೇ ಸಬ್ ಚಮಕ್ತಾ ಹೈ, ಸಾಹಬ್. ಅಂದರ್ ಜಂಗ್ ಕಹಾಂ ಲಗಾ ಹೈ, ವೋ ದೇಖನಾ ಪಡ್ತಾ ಹೈ." ಮೇಲೆ ಹೊಳೆಯುತ್ತದೆ, ಒಳಗೆ ಎಲ್ಲಿ ತುಕ್ಕು ಹಿಡಿದಿದೆ ನೋಡಬೇಕು ಎಂದು.

"ಕ್ಯಾ ಬಾತ್ ಬೋಲೀ!" ಎಂದು ಸೆಕ್ರೆಟರಿಯವರು ತೊಡೆ ತಟ್ಟಿದರು. ಸಂಜೆ ಐದಕ್ಕೆ ಮೈದಾನಕ್ಕೆ ಬನ್ನಿ, ನಿಮ್ಮ ಕೈ ಬೇಕಾಗಿದೆ ಎಂದು ಹೇಳಿ ಇಳಿದು ಹೋದರು.

ನನಗೆ ಅರ್ಥವಾದದ್ದು ಇಷ್ಟು: ಕಾಲೋನಿಯವರು ಮಕ್ಕಳು ಹತ್ತಿ ಆಡಲಿ ಎಂದು ಎಲ್ಲಿಂದಲೋ ಒಂದು ಹಳೆ ಕೋಚ್ ತಂದು ಮೈದಾನದಲ್ಲಿ ನಿಲ್ಲಿಸುತ್ತಾರೆ, ಅದಕ್ಕೆ ಬಣ್ಣ ಬೇಕು. ಸಂಜೆ ಐದಕ್ಕೆ ಹಳೆಯ ಖಾಕಿ ಅಂಗಿ ಹಾಕಿ, ಎರಡು ಬ್ರಷ್, ಪುಟ್ಟಿ ಹಚ್ಚುವ ಪತ್ತಿ, ಒಂದು ಖಾಲಿ ಡಬ್ಬಿ ಹಿಡಿದು ಇಳಿದೆ. ಮೈದಾನದಲ್ಲಿ ಹನ್ನೊಂದು ಮಕ್ಕಳು ಸಾಲಾಗಿ ನಿಂತಿದ್ದರು. ನಾನು ಆಚೆ ಈಚೆ ನೋಡಿದೆ.

"ಕೋಚ್ ಕಹಾಂ ಹೈ?" ಎಂದೆ.

ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. "ಕೋಚ್ ಪೂಛ್ತಾ ಹೈ ಕೋಚ್ ಕಹಾಂ ಹೈ!" ಕ್ಯಾಪ್ಟನ್ ಬಂದು ನನ್ನ ಕೊರಳಿಗೆ ಒಂದು ಶೀಟಿ ಹಾಕಿದ. ಆ ಶೀಟಿಯ ದಾರ ಕತ್ತಿಗೆ ತಾಗಿತು ನೋಡಿ, ಬೆಳಗಿನ ಮಾತುಗಳೆಲ್ಲ ಒಂದೊಂದಾಗಿ ತಿರುಗಿ ಬಂದು ತಲೆಯಲ್ಲಿ ಕೂತವು. ಫಸ್ಟ್ ಕ್ಲಾಸ್. ಶೀಲ್ಡ್. ಅಯ್ಯೋ, ಲೇಡೀಸ್ ಕೋಚ್‌ಗೆ ಬೇರೆ ಯಾರೂ ಕೈ ಹಚ್ಚುತ್ತಿರಲಿಲ್ಲ ಅಂದೆನಲ್ಲ!

ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಸಾಲಿನ ಕೊನೆಯಲ್ಲಿ ನನ್ನ ಮೊಮ್ಮಗಳು ನಿಂತಿದ್ದಳು. ಶಾಲೆಯ ಕ್ಯಾನ್ವಾಸ್ ಬೂಟಿಗೆ ಒದ್ದೆ ಸೀಮೆಸುಣ್ಣ ತಿಕ್ಕಿ ಬೆಳ್ಳಗೆ ಮಾಡಿಕೊಂಡಿದ್ದಳು. ಗೋಲಿನ ಹಿಂದೆ ಯಾರೂ ಇರಲಿಲ್ಲ. ತೆರೆದ ಬಾಯಿಗೆ ಶೀಟಿ ಇಟ್ಟು ಊದಿದೆ.

ಅರ್ಧ ಗಂಟೆ "ಓಡ್ರಿ" ಎಂದು ಕೂಗಿ ಮನೆಗೆ ಬಂದು ಅವಳನ್ನು ಬಾಲ್ಕನಿಯಲ್ಲಿ ಕೂರಿಸಿ ಎಲ್ಲ ಹೇಳಿದೆ.

"ಅಜ್ಜಾ, ತೋ ಕೋಚ್ ಮತಲಬ್... ಡಬ್ಬಾ?"

"ಹೂಂ, ಡಬ್ಬಾ."

"ನೀ ಡಬ್ಬಾಕ್ಕ ಪೇಂಟ್ ಮಾಡತಿದ್ದಿ?"

"ಹೌದವ್ವ. ಭಾಳ ಛಲೋ ಮಾಡತಿದ್ದೆ."

ಅವಳು ಬೂಟಿನ ದಾರ ಬಿಚ್ಚಿದಳು, ಕಟ್ಟಿದಳು. "ಯೇ ಲೋಗ್ ಮುಝೇ ನಿಕಾಲ್ ದೇಂಗೇ" ಎಂದಳು ಸಣ್ಣ ದನಿಯಲ್ಲಿ. ನನ್ನನ್ನು ತೆಗೆದುಹಾಕುತ್ತಾರೆ, ಎಂದು. ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಒತ್ತಿ ನಗುತ್ತಿದ್ದ ನನ್ನ ಹೆಂಡತಿಯ ನಗು ಅಲ್ಲಿಗೆ ನಿಂತಿತು. ಹೊರಗೆ ಬಂದಳು.

"ಏನ್ರೀ, ಮೂವತ್ತೊಂದು ವರ್ಷ ರೈಲಿಗೆ ಬಣ್ಣ ಹಚ್ಚೀರಿ, ಪಂದ್ಯಕ್ಕ ಇನ್ನೂ ಹದಿನೈದು ದಿನ ಐತಿ, ಅಷ್ಟರಾಗ ಒಂದು ಚೆಂಡಿನ ಆಟ ಕಲಿಯೂದು ಆಗೂದಿಲ್ಲೇನು? ಅಕೀ ನಂಬರ್ ಹೋತಂದ್ರ ನಿಮಗ ಚಾ ಇಲ್ಲ ನೋಡ್ರಿ."

ಯಾರಾದರೂ ನೇರ ಕೇಳಿದರೆ ಸುಳ್ಳು ಹೇಳುವುದಿಲ್ಲ, ಕೇಳುವ ತನಕ ನಾನಾಗಿ ಹೇಳುವುದೂ ಇಲ್ಲ ಎಂದು ನಾವು ಮೂವರೂ ಒಪ್ಪಂದ ಮಾಡಿಕೊಂಡೆವು. ಹೆಂಡತಿ ತಾಟಿನಲ್ಲಿ ಶೇಂಗಾ ಸುರಿದಳು. ಮೊಮ್ಮಗಳು ಶೇಂಗಾಬೀಜಗಳನ್ನು ಆಟಗಾರರ ಹಾಗೆ ಸಾಲಿಟ್ಟು ನನಗೆ ಪಾಠ ಶುರು ಮಾಡಿದಳು. ನಾನು ನಡುನಡುವೆ ಬ್ಯಾಕ್ ಆಟಗಾರರನ್ನು ತಿಂದುಬಿಡುತ್ತಿದ್ದೆ, ಬೈಸಿಕೊಳ್ಳುತ್ತಿದ್ದೆ. ಆಫ್‌ಸೈಡ್ ಮಾತ್ರ ಮೂರು ದಿನವಾದರೂ ತಲೆಗೆ ಹತ್ತಲಿಲ್ಲ.

"ದೇಖ್ ಅಜ್ಜಾ, ಬಾಲ್ ಬರೂಕ್ಕಿಂತ ಪಹಲೇ ನಾ ಅವರ ಲಾಸ್ಟ್‌ವಾಲಾನ್ನ ದಾಟಿ ಹೋಗಿ ಅಲ್ಲಿ ಖಡೀ ಇರಬಾರದು."

"ತಡಿ ತಡಿ" ಎಂದೆ. "ಸಂಜೀಕ ಆಫೀಸ್ ಬಿಟ್ಟ ಮಂದಿ ಉಲ್ಟಾ ಗಾಡಿ ಹತ್ತಿ ಕಡೇ ಸ್ಟೇಷನ್ ವಿ.ಟಿ.ಗೆ ಹೋಗಿ, ಗಾಡಿ ತಿರುಗೂದಕ್ಕ ಮೊದಲ ಕಿಟಕಿ ಸೀಟ್ ಹಿಡದು ಕುಂತಿರತಾರಲ್ಲ, ಹಂಗ ಮಾಡಬಾರದು. ಹೌದಿಲ್ಲೊ?"

ಅವಳು ತಾಟು ಬಡಿದಳು. "ಹಾಂ ಅಜ್ಜಾ! ಐಸಾಹೀ!"

ಅಲ್ಲಿಂದ ಮುಂದೆ ನನಗೆ ಬಾಗಿಲು ತೆರೆಯಿತು. ನಮ್ಮ ಮಕ್ಕಳ ದೊಡ್ಡ ರೋಗ ಏನೆಂದರೆ ಚೆಂಡು ಎಲ್ಲಿಗೆ ಹೋದರೂ ಹನ್ನೊಂದು ಜನವೂ ಅಲ್ಲಿಗೇ. ನಾನು ಅವರನ್ನು ನಿಲ್ಲಿಸಿ ಕೇಳಿದೆ, ರೈಲಿನಲ್ಲಿ ಡಬ್ಬಾಗಳೆಲ್ಲ ಇಂಜಿನ್ ಹತ್ತಿರ ಹೋಗಬೇಕೆಂದು ಗುದ್ದಾಡುತ್ತವೆಯೇ? ಎಲ್ಲಕ್ಕೂ ಒಂದು ಜಾಗ, ನಡುವೆ ಒಂದು ಅಂತರ, ಒಂದಕ್ಕೊಂದು ಕೊಂಡಿ. "ಅಪನಾ ಅಪನಾ ನಂಬರ್ ಪೇ ಚಲೋ!" ಎಂದು ಕೂಗುತ್ತಿದ್ದೆ. ಗಾರ್ಡ್ ಯಾರು ಎಂದರೆ ಗೋಲ್‌ಕೀಪರ್ ಕೈ ಎತ್ತುತ್ತಿದ್ದ. ಮೊದಲ ಪಂದ್ಯ ಹಾಲೆಂಡ್ ಮೇಲೆ ಸರಿಸಮ. ಎರಡನೆಯದು ಇಂಗ್ಲೆಂಡ್ ಮೇಲೆ, ಎರಡು ಗೋಲಿನಿಂದ ಗೆದ್ದೆವು. ಎರಡೂ ನನ್ನ ಮೊಮ್ಮಗಳವೇ! ಎರಡನೆಯದು ಎಡಗಾಲಿನಿಂದ, ಮೂಲೆಗೆ, ಗೋಲ್‌ಕೀಪರ್ ಇನ್ನೂ ಆ ಕಡೆ ನೋಡುತ್ತಿರುವಾಗಲೇ. ನಾನು ಶೀಟಿ ಊದುವುದೂ ಮರೆತು ಪಕ್ಕದಲ್ಲಿದ್ದ ಇಂಗ್ಲೆಂಡ್ ಕೋಚನ್ನೇ ಅಪ್ಪಿಕೊಂಡೆ.

ಆ ಖುಷಿಯೇ ನನ್ನನ್ನು ಹಳ್ಳಕ್ಕೆ ತಳ್ಳಿತು. ಮಕ್ಕಳ ಬನಿಯನ್‌ಗಳಿಗೆ ನಂಬರು ಇರಲಿಲ್ಲ, ಇದ್ದಿಲಿನಿಂದ ಗೀಚಿಕೊಳ್ಳುತ್ತಿದ್ದರು. ಅದು ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಟ್ರಂಕಿನಿಂದ ನನ್ನ ಹಳೆಯ ತಗಡಿನ ಅಚ್ಚುಗಳನ್ನು ತೆಗೆದು, ಹನ್ನೊಂದು ಬನಿಯನ್‌ಗಳಿಗೂ ಹಸಿರು ಬಣ್ಣದಲ್ಲಿ ನಂಬರು ಹಾಕಿದೆ. ಅಂಚು ಒಂದು ಕೂದಲಿನಷ್ಟೂ ಸರಿದಿರಲಿಲ್ಲ. ಮೊಮ್ಮಗಳದು ಹನ್ನೊಂದು. ಅವಳದಕ್ಕೆ ಏನಾದರೂ ಹೆಚ್ಚಿನದು ಬೇಡವೇ? ಒಂದು ಅಚ್ಚು ಕೈಗೆ ಸಿಕ್ಕಿತು. ಹದಿನೈದು ವರ್ಷ ಪ್ರೀತಿಯಿಂದ ಒತ್ತಿದ ಅಚ್ಚು. ನಂಬರಿನ ಕೆಳಗೆ ಅದನ್ನಿಟ್ಟು ದಪ್ಪ ಅಕ್ಷರದಲ್ಲಿ ಒತ್ತಿದೆ: ಲೇಡೀಸ್.

ಇಟಲಿ ಮೇಲಿನ ಮೂರನೇ ಪಂದ್ಯದ ದಿನ ಅವಳು ಅದನ್ನು ತೊಟ್ಟು ಮೈದಾನಕ್ಕೆ ಇಳಿದಳು. ಆಟ ಶುರುವಾಗುವ ಮೊದಲೇ, ನೋಡಲು ಬಂದಿದ್ದ ಬ್ರೆಜಿಲ್ ಕೋಚ್ ಅವಳ ಬೆನ್ನ ಹಿಂದೆ ಬಂದು ನಿಂತರು. ಕನ್ನಡಕ ತೆಗೆದರು, ಹಾಕಿದರು.

"ಎಂತದು ಮಾರಾಯ್ರೆ ಇದು? ಇದು ರೈಲಿನ ಅಕ್ಷರ ಅಲ್ವಾ! ನಾನು ದಿನಾ ನೋಡ್ತೇನೆ. ಲೇಡೀಸ್ ಡಬ್ಬಾದ ಮೇಲೆ ಹೀಗೆಯೇ ಉಂಟು, ಇದೇ ಅಳತೆ, ಇದೇ ವಾಲಿಕೆ."

ನನ್ನ ಹೆಂಡತಿ ಹೆಂಗಸರ ಗುಂಪಿನಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು. ಅಲ್ಲಿಂದಲೇ ಕೂಗಿದಳು: "ಯಾಕ್ರೀ ಅಣ್ಣಾರ, ದಿನಾ ಲೇಡೀಸ್ ಡಬ್ಬಾದ ಮುಂದ ಏನ್ ಮಾಡತೀರಿ ನೀವು?"

ಹೆಂಗಸರೆಲ್ಲ ಹೋ ಎಂದರು. ಅವರ ಮುಖ ಕೆಂಪಾಯಿತು, ಆದರೆ ಬಿಡಲಿಲ್ಲ. ನನ್ನ ಕಡೆ ತಿರುಗಿ, "ಅಜ್ಜರೇ, ನೀವು ರೈಲ್ವೆಯಲ್ಲಿ ಎಂತ ಕೋಚ್? ಸರಿಯಾಗಿ ಹೇಳಿ" ಎಂದರು.

ಕೇಳಿದರೆ ಸುಳ್ಳು ಹೇಳುವುದಿಲ್ಲ ಎಂಬ ಮಾತಾಗಿತ್ತಲ್ಲ. ಎಲ್ಲರೆದುರಿಗೆ ಹೇಳಿದೆ. "ಬಣ್ಣ ಹಚ್ಚಾಂವ್ರಿ. ರೈಲಿನ ಕೋಚ್‌ಗೆ. ಚೆಂಡಿನ ಕೋಚ್ ಅಂತ ಒಂದು ಇರತೈತಿ ಅನ್ನೂದ ನಾ ಮರತಿದ್ದೆ. ಇದರಾಗ ಹುಡುಗೀದು ತಪ್ಪಿಲ್ಲ. ಅಕಿ ಕೋಚ್ ಅಂದ್ಲು, ನಾ ಕೋಚ್‌ನ್ಯಾಗ ಇದ್ದಾಂವ ಖರೇ. ನನ್ನ ತೆಗೀರಿ, ಅಕೀನ್ನ ಇಟ್ಕೋರಿ."

"ಅದು ಹೇಗಾಗ್ತದೆ? ಕೋಚ್ ಇದ್ದಾರೆ ಅಂತ ತಾನೇ ಹುಡುಗಿಯನ್ನು ತಗೊಂಡದ್ದು? ಕೋಚೇ ಇಲ್ಲ ಅಂದ್ರೆ ಹುಡುಗಿಯೂ ಹೊರಗೆ. ನಿಯಮ ನಿಯಮವೇ."

ಮೊಮ್ಮಗಳು ಬನಿಯನ್ನಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. ಅಳಲಿಲ್ಲ. ಗೋಲಿನ ಹಿಂದಿನ ಗಟಾರದ ಕಡೆ ಒಮ್ಮೆ ನೋಡಿದಳು, ಅಷ್ಟೆ.

ಆಗ ಮಾತಾಡಿದವನು ನಮ್ಮ ಕ್ಯಾಪ್ಟನ್. ಒಂದು ವರ್ಷ ಅವಳಿಂದ ಚೆಂಡು ಹೆಕ್ಕಿಸಿದ ಅದೇ ಹುಡುಗ. "ಅಂಕಲ್, ಅಜ್ಜ ಜಾಯೇಗಾ ತೋ ಶೀಟೀ ಜಾಯೇಗೀ. ಯೇ ಜಾಯೇಗೀ ತೋ ಗೋಲ್ ಜಾಯೇಗಾ. ಹಮ್ ಇಸಕೋ ನಹೀಂ ಛೋಡೇಂಗೇ." ಅಜ್ಜ ಹೋದರೆ ಒಂದು ಶೀಟಿ ಹೋಗುತ್ತದೆ, ಇವಳು ಹೋದರೆ ಗೋಲೇ ಹೋಗುತ್ತದೆ, ಇವಳನ್ನು ಬಿಡುವುದಿಲ್ಲ ಎಂದ! ಉಳಿದ ಒಂಬತ್ತು ಜನ ಅವನ ಹಿಂದೆ ಬಂದು ನಿಂತರು.

ಎಲ್ಲರೂ ಸೆಕ್ರೆಟರಿಯವರ ಮುಖ ನೋಡಿದರು. ಅವರು ಡೈರಿ ತೆಗೆದು, ತಾವೇ ಬರೆದ ನಿಯಮವನ್ನು ಬೆರಳಿಟ್ಟು ಓದಿದರು. ಮತ್ತೆ ಓದಿದರು. "ಹರ್ ಟೀಮ್ ಕಾ ಏಕ್ ಕೋಚ್ ಹೋನಾ ಚಾಹಿಯೇ, ಇತನಾ ಹೀ ಲಿಖಾ ಹೈ" ಎಂದರು. "ಕಿಸ್ ಚೀಜ್ ಕಾ ಕೋಚ್, ವೋ ನಹೀಂ ಲಿಖಾ." ಯಾವುದರ ಕೋಚ್ ಎಂದು ಬರೆದಿಲ್ಲವಂತೆ! ಮೈದಾನವೆಲ್ಲ ನಕ್ಕಿತು. ಬ್ರೆಜಿಲ್ ಕೋಚ್ ಕೂಡ ಕಡೆಗೆ ಕೈ ಝಾಡಿಸಿ, "ಆಯ್ತು ಮಾರಾಯ್ರೆ, ಆಡಿ. ನಮ್ಮ ಮೇಲೆ ಬರ್ತೀರಲ್ಲ, ಆಗ ನೋಡುವಾ" ಎಂದರು.

ಆ ದಿನದಿಂದ ನನ್ನ ಬೆಲೆ ಏರಿತು. ನಾನು ಪೇಂಟರ್ ಎಂದು ಗೊತ್ತಾದದ್ದೇ ತಡ, ಅರ್ಜೆಂಟೀನಾ, ಇಂಗ್ಲೆಂಡ್, ಹಾಲೆಂಡ್ ಮೂರೂ ದೇಶಗಳು ಬನಿಯನ್ ಹಿಡಿದುಕೊಂಡು ನಾಲ್ಕನೇ ಮಹಡಿ ಹತ್ತಿ ಬಂದವು. ಬಾಲ್ಕನಿಯ ತಂತಿಯ ಮೇಲೆ ಜಗತ್ತೇ ಒಣಗುತ್ತಿತ್ತು. ಸೊಸೆ ಸೀರೆ ಒಣಹಾಕಲು ಜಾಗವಿಲ್ಲದೆ ಗೊಣಗಿದಳು. ನಾನು ಶಾಂತವಾಗಿ ಒಂದೊಂದಕ್ಕೂ ನಂಬರು ಒತ್ತಿದೆ.

ಕಡೆಯ ಪಂದ್ಯ ಬ್ರೆಜಿಲ್ ಮೇಲೆ. ಅದನ್ನು ಪೂರ್ತಿ ಬರೆದರೆ ಕಾಗದ ಸಾಲದು. ಮೊದಲ ಅರ್ಧದಲ್ಲೇ ನಮ್ಮ ಕ್ಯಾಪ್ಟನ್ನಿನ ಕಾಲು ಉಳುಕಿತು. ಹೊರಗೆ ಬರುವಾಗ, ಇನ್ನು ಮುಂದೆ ಕ್ಯಾಪ್ಟನ್ ಯಾರು ಎಂದು ಹುಡುಗರು ಕಚ್ಚಾಡುತ್ತಿದ್ದರು. ಅವನು ಕೈಗೆ ಕಟ್ಟಿದ್ದ ಕೆಂಪು ಕರವಸ್ತ್ರ ಬಿಚ್ಚಿ ನನ್ನ ಮೊಮ್ಮಗಳ ತೋಳಿಗೆ ಕಟ್ಟಿದ. ಅವಳ ತೋಳು ಎಷ್ಟು ಸಪೂರ ಎಂದರೆ ಮೂರು ಸುತ್ತು ಬಂತು. ನಾವು ಎರಡಕ್ಕೆ ಒಂದರಂತೆ ಸೋತೆವು. ಆ ಒಂದು ಯಾರದೆಂದು ನಾನು ಹೇಳಬೇಕಾಗಿಲ್ಲ.

ಬಿಸಿಲು ಇಳಿಯುವ ಮೊದಲು ವೋಟಿನ ಸಭೆ ಸೇರಿತು. ಸ್ಟೂಲಿನ ಮೇಲೆ ಸ್ಟೀಲಿನ ಕಪ್ಪು. ಸೆಕ್ರೆಟರಿಯವರು ಡೈರಿ ಬಿಡಿಸಿ, ಆ ವರ್ಷ ಜಗತ್ತಿನಲ್ಲಿ ಯಾವ ಕೋಚ್‌ಗೆ ಪ್ರಶಸ್ತಿ ಹೋಯಿತೆಂದು ಓದಿದರು. ಆ ಹೆಸರು ಹೇಳಲು ನನ್ನ ಉಳಿದ ಹಲ್ಲುಗಳು ಸಾಲವು. ಆಮೇಲೆ ದೇಶಗಳು ಎದ್ದು ನಿಂತವು. ಅರ್ಜೆಂಟೀನಾದ ವೋಟು ಕ್ಯಾಮರೂನಿನ ಕೋಚ್‌ಗೆ, ಅಂದರೆ ನನಗೆ! ಇಟಲಿ ಬ್ರೆಜಿಲ್‌ಗೆ. ಇಂಗ್ಲೆಂಡ್ ನನಗೆ. ಜರ್ಮನಿ ಬ್ರೆಜಿಲ್‌ಗೆ. ಹಾಲೆಂಡ್ ನನಗೆ. ಬ್ರೆಜಿಲ್ ತನಗೆ ತಾನೇ. ಮೂರು ಮೂರು. ಉಳಿದದ್ದು ನಮ್ಮ ದೇಶವೊಂದೇ. ನಮ್ಮ ಕ್ಯಾಪ್ಟನ್ ಮನೆಯಲ್ಲಿ ಕಾಲಿಗೆ ಬರ್ಫದ ಗಡ್ಡೆ ಇಟ್ಟು ಮಲಗಿದ್ದ. ವೋಟು ಕೆಂಪು ಕರವಸ್ತ್ರದವಳದು.

ನನ್ನ ಹೆಂಡತಿ ನನ್ನ ಅಂಗಿಯ ಕಾಲರ್ ಸರಿ ಮಾಡಿದಳು. ನಾನು ಏಳಲು ಅರ್ಧ ಎದ್ದಿದ್ದೆ.

ಮೊಮ್ಮಗಳು ನಿಂತು ಒಮ್ಮೆ ನನ್ನನ್ನು ನೋಡಿ, ಒಮ್ಮೆ ನೆಲ ನೋಡಿ, ಗಟ್ಟಿಯಾಗಿ ಹೇಳಿದಳು: "ಕ್ಯಾಮರೂನ್ ವೋಟ್ಸ್ ಫಾರ್ ಬ್ರೆಜಿಲ್."

ನಾನು ಅರ್ಧ ಎದ್ದವನು ಹಾಗೆಯೇ ಕೂತೆ. ಹೆಂಡತಿಗೆ ಬಂದ ಸಿಟ್ಟು ನಮ್ಮ ಬಿಲ್ಡಿಂಗಿನ ಮೆಟ್ಟಿಲಿಗೆ ಬಂದರೂ ಇಳಿಯಲಿಲ್ಲ. "ಸ್ವಂತ ಅಜ್ಜನ್ನ ಬಿಟ್ಟು, ನಿನ್ನ ಹೊರಗ ಹಾಕ್ರಿ ಅಂದಾವಗ ವೋಟ್ ಹಾಕಿದೇನ?"

"ಅಜ್ಜೀ, ಅವರು ಖಡೂಸ್ ಅದಾರ, ಸಿಡುಕ ಮಂದಿ, ಸಹೀ ಐತಿ" ಎಂದಳು ಹುಡುಗಿ. "ಲೇಕಿನ್ ಕೋಚ್ ಛಲೋ. ಅಜ್ಜಾಗ ಬಂದ ಮೂರು ವೋಟ್ ಬನಿಯನ್ ವೋಟ್. ಕೋಚಿಂಗ್‌ಕಾ ಏಕ್ ಭೀ ನಹೀಂ." ಆಮೇಲೆ ನನ್ನ ಕಡೆ ತಿರುಗಿದಳು. "ಅಜ್ಜಾ, ನಾ ಲೆಫ್ಟ್ ಕಾಲಿಂದ ಹೊಡೀತೀನಿ ಅಂತ ಅವರು ಫಸ್ಟ್ ಹಾಫ್‌ನ್ಯಾಗ ದೇಖ್ ಲಿಯಾ. ಸೆಕೆಂಡ್ ಹಾಫ್‌ನ್ಯಾಗ ಇಬ್ಬರನ್ನ ನನ್ನ ಮ್ಯಾಲೆ ಹಾಕಿದ್ರು. ನೀ ನೋಡಿದೇನ?"

"ಇಲ್ಲವ್ವ. ನಾ ಬರೇ ನಿನ್ನ ನೋಡಾಕತ್ತಿದ್ದೆ."

"ಅದಕ್ಕಽ ಮತ್ತ!"

ಇಬ್ಬರು! ಗೋಲಿನ ಹಿಂದೆ ನಿಲ್ಲಿಸಿದ್ದ ಹುಡುಗಿಯನ್ನು ತಡೆಯಲು ಎರಡು ಆಳು! ನಾನು ಅಲ್ಲೇ ತಿರುಗಿ ಐದನೇ ಬಿಲ್ಡಿಂಗಿಗೆ ಹೋದೆ. ಬ್ರೆಜಿಲ್ ಕೋಚ್ ಕಪ್ಪನ್ನು ಟಿವಿಯ ಮೇಲೆ ಇಡುತ್ತಿದ್ದರು. ಶುಭಾಶಯ ಹೇಳುವುದನ್ನೂ ಮರೆತು, "ಖರೇನ ಇಬ್ಬರನ್ನ ಹಾಕಿದ್ರಾ?" ಎಂದು ಕೇಳಿದೆ.

"ಹೌದು ಅಜ್ಜರೇ, ಹಾಕಿದೆ" ಎಂದರು ಅವರು. "ಸಾಕಾಗ್ಲಿಲ್ಲ ಮಾರಾಯ್ರೆ. ಹೊಡೆದೇ ಬಿಟ್ಟಳಲ್ಲ. ಬರುವ ವರ್ಷ ಮೂವರನ್ನು ಇಡಬೇಕು."

ನಮ್ಮ ಬಿಲ್ಡಿಂಗಿನ ಮೆಟ್ಟಿಲು ಹತ್ತುವಾಗ ಒಂದೊಂದು ಮಹಡಿಯಲ್ಲೂ ನಿಂತೆ. ಒಂದೊಂದು ಬಾಗಿಲನ್ನೂ ಬಡಿದೆ. ಜಿನೆಯ ಗೋಡೆ ಗುಡುಗುತ್ತದೆಂದು ದಿನಾ ಜಗಳಕ್ಕೆ ಬರುತ್ತಿದ್ದ ಎರಡನೇ ಮಹಡಿಯವರದನ್ನೂ. "ಬರುವ ವರ್ಷ ಮೂವರಂತ್ರೀ!" ಎಂದೆ. ಏನು ಮೂವರು, ಯಾರು ಮೂವರು ಎಂದು ಅವರು ಕೇಳುವಷ್ಟರಲ್ಲಿ ನಾನು ಮುಂದಿನ ಬಾಗಿಲಿನಲ್ಲಿದ್ದೆ.